ಟೀಚರಮ್ಮನ ಮರ ಮುಚ್ಚಿಟ್ಟ ತೋಕುಜಿ

ಅಸಾರಿ ತೋಕುಜಿಯ ಮನೆಯ ಬಚ್ಚಲಲ್ಲಿ ಮೂವತ್ತೆಂಟು ದಿನದಿಂದ ಯಾರೂ ಸ್ನಾನ ಮಾಡಿರಲಿಲ್ಲ. ಬಚ್ಚಲಮನೆಯಲ್ಲಿ ಹಿಮದ ಮೇಲೆ ಜಾರುವ ಒಂದು ಜೊತೆ ಸ್ಕೀ ಮಲಗಿದ್ದವು.

ತೊಟ್ಟಿಯ ಮೇಲೆ ಎರಡು ಅಡ್ಡಪಟ್ಟಿ, ಪಟ್ಟಿಯ ಮೇಲೆ ಸ್ಕೀ, ಕೆಳಗೆ ಹಬೆಯಾಡುವ ಬಿಸಿನೀರು. ಬಿಸಿಲಿಗಿಟ್ಟರೆ ಬಣ್ಣ ಒಣಗುತ್ತದೆ ಅಂತ ನಂಬಿರುವ ಜನಕ್ಕೆ ಇದು ಹುಚ್ಚಾಟ. ಆದರೆ ಉರುಶಿ ಅನ್ನುವ ಮರದ ಹಾಲನ್ನು ಮರದ ಬಟ್ಟಲುಗಳಿಗೆ ಬಳಿದು ಬದುಕುವ ಊರಿನಲ್ಲಿ ಇದು ಮೂರು ವರ್ಷದ ಮಗುವಿಗೂ ಗೊತ್ತಿರುವ ಮಾತು. ಆ ಹಾಲಿಗೆ ಬಿಸಿಲೂ ಬೇಡ, ಗಾಳಿಯೂ ಬೇಡ. ತೇವ ಇರಬೇಕು, ಬೆಚ್ಚಗಿರಬೇಕು, ಆಗಷ್ಟೇ ಗಟ್ಟಿಯಾಗುತ್ತದೆ. ಬಟ್ಟಲುಗಳನ್ನಿಡಲು ಎಲ್ಲರ ಮನೆಯಲ್ಲೂ ತೇವದ ಕಪಾಟು ಉಂಟು, ತೋಕುಜಿಯ ಮನೆಯಲ್ಲೂ ಇತ್ತು. ಅದರಲ್ಲಿ ಬಟ್ಟಲು ಹಿಡಿಯುತ್ತದೆಯೇ ಹೊರತು ಆಳೆತ್ತರದ ಸ್ಕೀ ಎಲ್ಲಿ ಹಿಡಿಯುತ್ತದೆ?

ಹೆಂಡತಿ ಫುಸಾಯೆ ದಿನಾ ಸಂಜೆ ಟವಲು ಹೆಗಲಿಗೆ ಹಾಕಿಕೊಂಡು ಊರ ಕೆಳಗಿನ ಬಿಸಿನೀರಿನ ಬುಗ್ಗೆಗೆ ಹೋಗುತ್ತಿದ್ದಳು. ದಾರಿಯಲ್ಲಿ ಕೇಳಿದವರಿಗೆಲ್ಲ "ಬಚ್ಚಲಲ್ಲಿ ನೆಂಟರಿದ್ದಾರೆ" ಅನ್ನುತ್ತಿದ್ದಳು. ಗ್ಯಾಸ್ ಮೀಟರಿನವನು ನೆಂಟರು ಯಾರು ಅಂತ ಬಾಗಿಲು ತೆಗೆದು ಇಣುಕಿದ. ಹಸಿ ಉರುಶಿಯ ಆವಿ ಬಡಿದು ಮಾರನೆಯ ದಿನ ಅವನ ಮುಖ ಬನ್ನಿನ ಹಾಗೆ ಊದಿತು. ಆಮೇಲಿಂದ ಅವನು ಆ ಮನೆಯ ಮೀಟರನ್ನು ಬೀದಿಯಲ್ಲಿ ನಿಂತು ಅಂದಾಜಿನ ಮೇಲೆ ಬರೆದುಕೊಂಡ.

ಈ ತೋಕುಜಿ ಮೂವತ್ತೊಂದು ವರ್ಷ ಬಟ್ಟಲುಗಳಿಗೆ ಅಡಿ ಬಳಿದವನು. ಅಡಿ ಬಳಿಯುವುದೆಂದರೆ ಮರದ ಬಟ್ಟಲಿಗೆ ಮೊದಲು ಸೆಣಬಿನ ಬಟ್ಟೆ ಅಂಟಿಸುವುದು, ಅದರ ಮೇಲೆ ಉರುಶಿಯಲ್ಲಿ ಕಲಸಿದ ಜೇಡಿಮಣ್ಣು ಬಳಿಯುವುದು, ಉಜ್ಜುವುದು, ಮತ್ತೆ ಬಳಿಯುವುದು, ಮತ್ತೆ ಉಜ್ಜುವುದು. ಬಟ್ಟಲಿನ ಗಟ್ಟಿತನವೆಲ್ಲ ಅದರಲ್ಲೇ ಇರುವುದು. ಎಲ್ಲ ಆದ ಮೇಲೆ ಮೇಲಿನ ಕೈಯವನು ಬಂದು ಹೊಳೆಯುವ ಒಂದು ಪದರ ಎಳೆದು ತಳದಲ್ಲಿ ತನ್ನ ಹೆಸರು ಬರೆಯುತ್ತಾನೆ. ಆ ಮೇಲಿನ ಕೈಯವನು ಫುಸಾಯೆಯ ಅಣ್ಣ ಮಸಾಯಾಸು. ಅವನ ಹೆಸರಿನ ಬಟ್ಟಲು ಟೋಕಿಯೊದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿದೆ. ಗಾಜಿನ ಮುಂದೆ ನಿಂತ ಯಾವನೂ ಒಳಗಿನ ಮಣ್ಣು ಯಾರದು ಅಂತ ಕೇಳಿದ್ದಿಲ್ಲ. ತೋಕುಜಿಗೆ ಅದರಿಂದ ಬೇಸರವಿರಲಿಲ್ಲ ಅಂತ ಅವನೇ ಹೇಳಿಕೊಳ್ಳುತ್ತಾನೆ. ಶುದ್ಧ ಸುಳ್ಳು.

ಬಟ್ಟಲು ಕೊಳ್ಳುವವರು ಕಡಿಮೆಯಾದ ಮೇಲೆ ಅವನು ಹಿತ್ತಲ ಶೆಡ್ಡಿನಲ್ಲಿ ಸ್ಕೀ ಮಾಡತೊಡಗಿದ. ಅಗ್ನಿಶಾಮಕದವರು ಎಸೆದಿದ್ದ ಹಳೆಯ ನೀರಿನ ಹೋಸು ಪೈಪು ಎರಡನ್ನು ದಪ್ಪ ತೊಲೆಗಳ ನಡುವೆ ಕೂರಿಸಿ, ಗಾಳಿ ತುಂಬಿ, ಅದರ ಒತ್ತಡದಲ್ಲಿ ಎಲ್ಲವನ್ನೂ ಅಂಟಿಸುತ್ತಿದ್ದ. ಒಳಗೆ ಭೂರ್ಜ ಮರ, ಸುತ್ತ ಉಕ್ಕಿನ ಅಂಚು, ಗಾಜಿನ ನೂಲಿನ ಬಟ್ಟೆ, ಎಪಾಕ್ಸಿ ಅಂಟು, ಎಲ್ಲಕ್ಕಿಂತ ಮೇಲೆ ಕಾಗದದಷ್ಟು ತೆಳ್ಳಗೆ ಸೀಳಿದ ಚಂದದ ಮರದ ಹಾಳೆ. ಮನೆಯಲ್ಲೇ ಸ್ಕೀ ಮಾಡುವವರಿಗೆಲ್ಲ ತಲೆನೋವು ಈ ಹಾಳೆಯೇ. ಒಂದು ಸ್ಕೀಯ ಉಕ್ಕಿನ ಅಂಚು ಇನ್ನೊಂದರ ಬೆನ್ನಿಗೆ ತಗುಲಿದರೆ ಸಾಕು, ಚಕ್ಕೆ ಏಳುತ್ತದೆ. ಚಕ್ಕೆ ಎದ್ದಲ್ಲಿ ನೀರು ಹೋಗುತ್ತದೆ. ಮುಂದಿನ ಚಳಿಗಾಲಕ್ಕೆ ಹಾಳೆ ಬೂದಿಬಣ್ಣಕ್ಕೆ ತಿರುಗಿ ಹಳೆಯ ಪೋಸ್ಟರಿನ ಹಾಗೆ ಸುರುಳಿ ಸುತ್ತುತ್ತದೆ. ಉಳಿದವರೆಲ್ಲ ಪ್ಲಾಸ್ಟಿಕ್ ವಾರ್ನಿಷ್ ಬಳಿದು ಕೈ ತೊಳೆದುಕೊಳ್ಳುತ್ತಾರೆ. ತೋಕುಜಿ ಅದನ್ನು ಮುಟ್ಟುವವನಲ್ಲ. "ಅದು ಬಣ್ಣ ಅಲ್ಲ, ರೈನ್‌ಕೋಟು" ಅನ್ನುತ್ತಿದ್ದ.

ಇಂಥವನ ಹತ್ತಿರ ಓನುಕಿ ಟೀಚರಮ್ಮ ತನ್ನ ಮರ ತಂದಳು.

ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಹೆಂಗಸು. ತೋಕುಜಿಗೂ ಕಲಿಸಲು ನೋಡಿದ್ದಳು. ಎಪ್ಪತ್ತೊಂದು ವರ್ಷ, ಚಳಿಗಾಲದಲ್ಲಿ ದಿನಾ ಗುಡ್ಡಕ್ಕೆ ಹೋಗಿ ಸ್ಕೀ ಮಾಡುತ್ತಾಳೆ. ಅವಳ ಮನೆಯ ಹಿಂದೆ ದೊಡ್ಡದೊಂದು ಕೆಯಾಕಿ ಮರವಿತ್ತು. ಹಿಂದಿನ ವರ್ಷದ ಹಿಮದ ಭಾರಕ್ಕೆ ಅದು ನಡುವೆ ಸೀಳಿ ಬಿತ್ತು. ಕಾಂಡ ದೇವಸ್ಥಾನದ ನಗಾರಿಗೆ ಹೋಯಿತು. ಟೀಚರಮ್ಮ ಇಟ್ಟುಕೊಂಡದ್ದು ಒಂದು ಹಲಗೆ. ಅದರಲ್ಲಿ ಹುಳ ತಿಂದದ್ದು ಬಿಟ್ಟು ಗರಗಸದವನಿಗೆ ಸಿಕ್ಕಿದ್ದು ಎರಡೇ ಹಾಳೆ, ಅರ್ಧ ಮಿಲಿಮೀಟರಿಗಿಂತ ಒಂದು ಕೂದಲು ದಪ್ಪ.

"ನೋಡು ತೋಕುಜಿ," ಅಂದಳು ಅವಳು, "ಹುಟ್ಟಿದಾಗಿಂದ ಅಡಿಗೆಮನೆ ಕಿಟಕೀಲಿ ಈ ಮರ ನೋಡ್ಕೊಂಡು ಬಂದಿದ್ದೀನಿ. ಈಗ ಕಿಟಕೀಲಿ ಬರೀ ಆಕಾಶ. ಆಕಾಶ ನೋಡ್ತಾ ಪಾತ್ರೆ ತೊಳಿಯೋಕೆ ನಂಗೆ ಬರಲ್ಲ. ಗುಡ್ಡ ಹತ್ತಿಸೋ ಕುರ್ಚಿ ಲಿಫ್ಟಲ್ಲಿ ಕೂತಾಗ ಎಂಟು ನಿಮಿಷ ಕಾಲು ನೋಡ್ತಾ ಇರೋದೇ ಕೆಲಸ. ಅಲ್ಲಿ ಸ್ಕೀ ಮೇಲಾದ್ರೂ ಈ ಮರ ಇರ್ಲಿ."

"ಆಗ್ಲಿ ಟೀಚರಮ್ಮ."

"ಇನ್ನೊಂದು ಹಾಳೆ ಇಲ್ಲ, ತಿಳೀತಾ?"

ಈ ಕೊನೆಯ ಮಾತು ಅವಳು ಆಡಬಾರದಿತ್ತು.

ತೋಕುಜಿ ಮೊದಲು ಸರಿಯಾಗೇ ಮಾಡಿದ. ಸ್ಕೀ ಮಾಡಿ, ಬೆನ್ನಿಗೆ ಆ ಹಾಳೆ ಅಂಟಿಸಿ, ತಿಳಿಯಾದ ಉರುಶಿಯಲ್ಲಿ ಬಟ್ಟೆ ಅದ್ದಿ ಎರಡು ಸಲ ಒರೆಸಿದ. ಮರದ ಗೆರೆಗಳು ಜೇನಿನೊಳಗಿಂದ ಎದ್ದು ಬಂದ ಹಾಗೆ ಎದ್ದವು. ಫುಸಾಯೆ ಬಂದು ನೋಡಿ "ಸಾಕು, ಇಲ್ಲಿಗೆ ನಿಲ್ಸಿ" ಅಂದಳು. ಅವನೂ ನಿಲ್ಲಿಸುತ್ತಿದ್ದನೇನೋ. ಆದರೆ ಶೆಡ್ಡಿಗೆ ಹೋಗಿ ಅಂಚಿನಲ್ಲಿ ಕತ್ತರಿಸಿ ಉಳಿದಿದ್ದ ಒಂದು ತುಣುಕನ್ನು ಅದೇ ಥರ ಬಳಿದು, ಗಟ್ಟಿಯಾದ ಮೇಲೆ ಉಕ್ಕಿನ ಅಂಚಿನಿಂದ ಕುಕ್ಕಿ ನೋಡಿದ. ಚಕ್ಕೆ ಎದ್ದಿತು. ಎರಡು ದಿನ ಆ ತುಣುಕನ್ನೇ ತಿರುಗಿಸಿ ತಿರುಗಿಸಿ ನೋಡಿದ. ಇನ್ನೊಂದು ಹಾಳೆ ಇಲ್ಲವಲ್ಲ.

ಮೂರನೆಯ ದಿನ ಅಂಚಿನ ಸುತ್ತ ಮಾತ್ರ, ಬೆರಳಗಲ, ಸೆಣಬಿನ ಬಟ್ಟೆ ಅಂಟಿಸಿದ. ಚಕ್ಕೆ ಏಳುವುದು ಅಂಚಿನಲ್ಲಿ ತಾನೆ, ಅಲ್ಲಿ ಭದ್ರವಾದರೆ ಆಯಿತು. ಬಟ್ಟೆ ಮುಗಿದಲ್ಲಿ ಒಂದು ಸಣ್ಣ ಮೆಟ್ಟಿಲು ಬಂತು, ಕಣ್ಣಿಗೆ ಕಾಣದಷ್ಟು. ಅಡಿ ಬಳಿಯುವವನ ಬೆರಳಿಗೆ ಅದು ಗೋಡೆ. ಮಣ್ಣು ಕಲಸಿ ಆ ಮೆಟ್ಟಿಲನ್ನು ಇಳಿಜಾರು ಮಾಡಿದ. ಇಳಿಜಾರು ಮುಗಿದಲ್ಲಿ ಇನ್ನೊಂದು ಮೆಟ್ಟಿಲು. ಅದಕ್ಕೂ ಮಣ್ಣು. ಹೀಗೆ ಎಡದಂಚಿನಿಂದ ಒಂದು ಸೈನ್ಯ, ಬಲದಂಚಿನಿಂದ ಒಂದು ಸೈನ್ಯ ದಿನಕ್ಕಿಷ್ಟು ಅಂತ ಒಳಗೆ ನುಗ್ಗಿ ಬಂದವು. ಇಪ್ಪತ್ತನೆಯ ದಿನ ಸ್ಕೀಯ ನಡುವೆ ಹೆಬ್ಬೆರಳಗಲದ ಮರ ಉಳಿದಿತ್ತು. ಅಷ್ಟನ್ನೇ ಬಿಟ್ಟರೆ ಅಸಹ್ಯ ಅಂತ ಅದನ್ನೂ ಮುಚ್ಚಿದ.

ಫುಸಾಯೆ ಟವಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ರೀ, ಮರ ಕಾಣ್ತಿಲ್ಲ."

"ಇದೆ."

"ಇದೆ ಸರಿ. ಕಾಣ್ತಿಲ್ಲ ಅಂದೆ."

"ಇರೋದು ಮುಖ್ಯನೋ, ಕಾಣೋದು ಮುಖ್ಯನೋ?"

"ಅದನ್ನ ಟೀಚರಮ್ಮನ್ನ ಕೇಳಿ, ನನ್ನನ್ನಲ್ಲ."

ಅವನು ಕೇಳಲಿಲ್ಲ. ಕೇಳುವಂಥ ತಲೆ ಅದಲ್ಲ. ಮಣ್ಣಿನ ಮೇಲೆ ನಯವಾದ ಮಣ್ಣು, ಅದರ ಮೇಲೆ ನಡುಬಣ್ಣ, ಕೊನೆಗೆ ಜೀವಮಾನದಲ್ಲಿ ಮೊದಲ ಸಲ ಮೇಲಿನ ಕಪ್ಪನ್ನೂ ತಾನೇ ಎಳೆದ. ಮೂವತ್ತೆಂಟನೆಯ ದಿನ ಬಚ್ಚಲಿನಿಂದ ಹೊರಗೆ ಬಂದದ್ದು ರಾಜರ ಮನೆಯ ಊಟದ ತಟ್ಟೆಯ ಹಾಗೆ ಹೊಳೆಯುವ, ಆಳವಾದ, ಕಪ್ಪಾದ ಕಪ್ಪು.

ಟೀಚರಮ್ಮ ಹೊಗೆ ಹಾಕಿದ ಮೂಲಂಗಿ ಉಪ್ಪಿನಕಾಯಿ ಕಟ್ಟಿಕೊಂಡು ಬಂದಳು. ಸ್ಕೀ ನೋಡಿದಳು. ಗೋಡೆಗೆ ಬೇರೆ ಏನಾದರೂ ಒರಗಿಸಿದೆಯೋ ಅಂತ ಆಚೀಚೆ ನೋಡಿದಳು.

"ಇದು ಯಾರದ್ದು?"

"ನಿಮ್ಮದೇ ಟೀಚರಮ್ಮ."

"ನನ್ನ ಮರ ಎಲ್ಲಿ?"

"ಒಳಗಿದೆ."

ಟೀಚರಮ್ಮ ಉಪ್ಪಿನಕಾಯಿ ಗಂಟನ್ನು ಕೆಳಗಿಡದೆ ಹಾಗೇ ಕೈಯಲ್ಲಿ ಹಿಡಿದಿದ್ದಳು. ತೋಕುಜಿ ಅವಸರ ಅವಸರವಾಗಿ ಹೇಳಿದ: "ಇನ್ನು ಅದಕ್ಕೆ ಭಯ ಇಲ್ಲ. ಕಲ್ಲಿಗೆ ಬಡೀರಿ, ನೀರಲ್ಲಿ ನೆನೆಸಿ. ಮುನ್ನೂರು ವರ್ಷ ಏನೂ ಆಗಲ್ಲ."

"ನಂಗೆ ಎಪ್ಪತ್ತೊಂದು ಕಣೋ."

ಅಷ್ಟು ಹೊತ್ತಿಗೆ ಭಾವ ಮಸಾಯಾಸು ಬಂದ. ತಂಗಿಯೇ ಹೇಳಿಕಳಿಸಿದ್ದಳು. ಅವನು ಸ್ಕೀ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ತುದಿಯಿಂದ ತುದಿಗೆ ಒಮ್ಮೆ ಸವರಿದ. ಮತ್ತೊಮ್ಮೆ ಸವರಿದ.

"ತೋಕು," ಅಂದ, "ಇಂಥಾ ಅಡಿ ಕೆಲಸ ನಾನು ಹುಟ್ಟಿದಾಗಿಂದ ನೋಡಿಲ್ಲ."

ಮೂವತ್ತೊಂದು ವರ್ಷ ಕಾದ ಮಾತು. ಬಂದದ್ದು ಈ ಹೊತ್ತಿನಲ್ಲಿ.

"ಆದ್ರೆ ಇದು ಬಟ್ಟಲಲ್ಲ," ಅಂದ ಮಸಾಯಾಸು. "ಸಾರು ಹಾಕ್ಕೊಂಡು ಕುಡಿಯೋಕೆ ಅಂತ ತಂದು ಕೊಟ್ರಾ ಅವರು?"

"ನೀನು ಸುಮ್ನಿರು ಭಾವ."

"ತೆಗಿ ಅದನ್ನ," ಅಂದಳು ಟೀಚರಮ್ಮ.

"ತೆಗೆಯೋಕಾಗಲ್ಲ. ಮೇಲಿರೋದು ಕಲ್ಲು, ಕೆಳಗಿರೋದು ಕಾಗದ. ಕಲ್ಲು ಉಜ್ಜುತ್ತಾ ಉಜ್ಜುತ್ತಾ ಕಾಗದದ ಮೇಲೆ ಕೈ ನಿಲ್ಲಿಸೋದು ಹೇಗೆ? ಒಂದು ಕೂದಲು ಜಾಸ್ತಿ ಹೋದ್ರೆ ನಿಮ್ಮ ಮರವೇ ಇರಲ್ಲ."

"ಈಗ ಮಾತ್ರ ಇದೆ ಅಂತ ನಾನು ಹೇಗೆ ನಂಬ್ಲಿ?"

ಇದಕ್ಕೆ ಅವನಿಗೆ ಕಿವಿವರೆಗೆ ಸಿಟ್ಟು ಬಂತು. ಟೀಚರಮ್ಮ ಎರಡೂ ಸ್ಕೀಗಳನ್ನು ಹೆಗಲಿಗೇರಿಸಿದಳು. "ಬಿಡು, ನಾನೇ ತೆಗೀತೀನಿ," ಅಂದು ಹೊರಟಳು. ಉಪ್ಪಿನಕಾಯಿಯನ್ನೂ ವಾಪಸು ತೆಗೆದುಕೊಂಡು ಹೋದಳು.

ಮಾರನೆಯ ದಿನದಿಂದ ಗುಡ್ಡದ ಮೇಲೆ ಅವಳ ಯುದ್ಧ ಶುರುವಾಯಿತು. ಸವೆಸಿ ಸವೆಸಿ ಆ ಕಪ್ಪನ್ನು ತೆಗೆಯುತ್ತೇನೆ ಅಂತ ಹೊರಟಿದ್ದಳು. ಬಲಗಾಲಿನ ಅಂಚಿನಿಂದ ಎಡದ್ದನ್ನು ಕೆರೆದಳು, ಎಡದ್ದರಿಂದ ಬಲದ್ದನ್ನು. ಬಂಡೆ ಎದ್ದ ಕಡೆ ಹುಡುಕಿ ಹುಡುಕಿ ಹೋದಳು. ಬಿದಿರು ಮೆಳೆಯೊಳಗೆ ನುಗ್ಗಿದಳು. ಲಿಫ್ಟಿನ ಸಾಲಿನಲ್ಲಿ ಹಿಂದಿನವರಿಗೆ "ಬನ್ನಿ, ನನ್ನ ಸ್ಕೀ ಮೇಲೆ ಹತ್ತಿ" ಅಂದಳು. ಆ ಊರಿನಲ್ಲಿ ಇನ್ನೊಬ್ಬರ ಸ್ಕೀಗೆ ಅಪ್ಪಿತಪ್ಪಿ ತಗುಲಿದರೆ ಮೂರು ಸಲ ತಲೆ ಬಾಗಿಸಿ ಕ್ಷಮೆ ಕೇಳುತ್ತಾರೆ. ತುಳಿ ಅಂತ ಟೀಚರಮ್ಮನೇ ಹೇಳಿದ ಮೇಲೆ ಏನು ಮಾಡುವುದು? ಒಬ್ಬೊಬ್ಬರೇ ಬಂದು, ಮೊದಲು ತಲೆ ಬಾಗಿಸಿ, "ಕ್ಷಮಿಸಬೇಕು" ಅಂದು, ತುದಿಗಾಲಲ್ಲಿ ಹತ್ತಿ, ಇಳಿದು, ಮತ್ತೆ ತಲೆ ಬಾಗಿಸಿ ಹೋಗುತ್ತಿದ್ದರು. ಸಾಲು ಬಿಸಿನೀರಿನ ಬುಗ್ಗೆಯ ತನಕ ಬೆಳೆಯಿತು.

"ಏನ್ರೋ ಇದು," ಅಂತ ಗದರಿದಳು ಟೀಚರಮ್ಮ. "ತುಳೀರಿ ಅಂದ್ರೆ ಬೆಕ್ಕಿನ ಥರ ಹೆಜ್ಜೆ ಇಡ್ತೀರಲ್ಲ. ನಾನು ಕಲಿಸಿದ್ದು ಇದೇನಾ?"

"ನೀವು ಕಲಿಸಿದ್ದು ಇದೇ ಟೀಚರಮ್ಮ," ಅಂದ ಲಿಫ್ಟು ನಡೆಸುವ ಗೋನ್‌ಜೊ.

ತೋಕುಜಿ ಮನೆಯಲ್ಲಿ ಕೂರಲಾರದೆ ದಿನಾ ಗುಡ್ಡಕ್ಕೆ ಹೋದ. ಟೀಚರಮ್ಮ ಕೆಳಗೆ ಬಂದಾಗಲೆಲ್ಲ ಓಡಿಹೋಗಿ ಬಗ್ಗಿ, ತೋಳಿನಿಂದ ಹಿಮ ಒರೆಸಿ ನೋಡುತ್ತಿದ್ದ. ಒಂದು ಗೀರಿಲ್ಲ. ಅವಳು ವಾಹನ ನಿಲ್ಲಿಸುವ ಜಾಗದ ಡಾಂಬರಿನ ಮೇಲೂ ಮೂರು ಸುತ್ತು ಹೊಡೆದಳು. ಸ್ಕೀಯ ತಳ ಹರಿದು ಚಿಂದಿಯಾಯಿತು, ಉಕ್ಕಿನ ಅಂಚು ಗರಗಸವಾಯಿತು, ಬೆನ್ನು ಮಾತ್ರ ಹಾಗೇ ಕನ್ನಡಿ. ಮೊದಲನೆಯ ದಿನ ತೋಕುಜಿಯ ಎದೆ ಉಬ್ಬಿತು. ಎರಡನೆಯ ದಿನವೂ ಉಬ್ಬಿತು. ಐದನೆಯ ದಿನ ಅವನಿಗೆ ಅವಳ ಪಕ್ಕದ ಕುರ್ಚಿಯೇ ಸಿಕ್ಕಿತು. ಲಿಫ್ಟು ಏರುವಷ್ಟು ಹೊತ್ತೂ ಟೀಚರಮ್ಮ ಕತ್ತು ಬಗ್ಗಿಸಿ ಕಾಲನ್ನೇ ನೋಡುತ್ತಿದ್ದಳು.

"ಏನ್ ನೋಡ್ತಿದ್ದೀರಿ?" ಅಂದ ಅವನು ತಡೆಯಲಾರದೆ.

"ಇನ್ನೇನು, ನನ್ನ ಮೂಗು. ಎಷ್ಟು ಚೆನ್ನಾಗಿ ಹೊಳಪು ಕೊಟ್ಟಿದ್ದೀಯಾ ಅಂದ್ರೆ ಮೂಗಿನ ಮೇಲಿನ ಕೂದಲೂ ಕಾಣುತ್ತೆ."

ತಮಾಷೆಗೇ ಅಂದಳು. ಆದರೆ ಆ ದಿನ ಅವಳು ಕೆಳಗೆ ಬಂದಾಗ ತೋಕುಜಿ ಹಿಮ ಒರೆಸಿ ನೋಡಲು ಹೋಗಲಿಲ್ಲ.

ಏಳನೆಯ ದಿನ ಅವಳು ಸೂರಿನ ಮಂಜುಗಡ್ಡೆ ಒಡೆಯುವ ಹಾರೆ ತಂದಳು. ಲಿಫ್ಟಿನ ಗುಡಿಸಲ ಪಕ್ಕ ಸ್ಕೀ ಬಿಚ್ಚಿ ಹಿಮದ ಮೇಲೆ ಮಲಗಿಸಿ, ಹಾರೆ ಎತ್ತಿದಳು. ಆ ಹಾರೆ ಬಿದ್ದರೆ ಕಪ್ಪು, ಮಣ್ಣು, ಬಟ್ಟೆ, ಕೆಯಾಕಿ, ಭೂರ್ಜ ಎಲ್ಲ ಒಟ್ಟಿಗೆ ಹಾರಿ ಹೋಗುತ್ತವೆ. ತೋಕುಜಿ ಏದುಸಿರು ಬಿಡುತ್ತಾ ಬಂದು ಸ್ಕೀಗಳ ಮೇಲೆ ಅಡ್ಡಡ್ಡ ಮಲಗಿಬಿಟ್ಟ.

"ಏಳೋ," ಅಂದಳು ಟೀಚರಮ್ಮ.

"ಹೊಡೀರಿ ನನ್ನ ಮೇಲೆ."

"ನಿನ್ನ ಒಳಗೆ ಮರ ಇಲ್ಲ, ತಲೇಲಿ ಬಿಟ್ರೆ. ಏಳು."

"ಕೊಡಿ ಇಲ್ಲಿ," ಅಂದ ಅವನು ಮಲಗಿದಲ್ಲೇ. "ನಾನೇ ತೆಗೀತೀನಿ. ಹೋದ್ರೆ ನನ್ನ ಕೈಯಲ್ಲೇ ಹೋಗ್ಲಿ."

ಸ್ಕೀ ಮತ್ತೆ ಬಚ್ಚಲಿಗೆ ಬಂದವು. ನೀರು ಸುರಿದು ಸುರಿದು ಉಜ್ಜಬೇಕು, ಅದಕ್ಕೆ ಬೇರೆ ಜಾಗವಿಲ್ಲ. ಫುಸಾಯೆ ಮತ್ತೆ ಟವಲು ಹೆಗಲಿಗೆ ಹಾಕಿಕೊಂಡಳು.

ಮಸಾಯಾಸುವನ್ನು ಕೇಳಿದರೆ ಅವನು ಕೈ ಎತ್ತಿಬಿಟ್ಟ. "ನಂಗೆ ಮೇಲಿನ ಒಂದು ಪದರ ಗೊತ್ತು, ಅಷ್ಟೇ. ಕೆಳಗೆ ಏನೇನಿದೆ ಅಂತ ನೀನೇ ಬಲ್ಲೆ." ಹಾಗೆಂದು ಮನೆಗೆ ಹೋಗಲಿಲ್ಲ. ಬಚ್ಚಲ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತ.

ತೋಕುಜಿ ಬಲಗಾಲಿನ ಸ್ಕೀ ತೆಗೆದುಕೊಂಡ. ಎಮರಿ ಪೇಪರು ಮುಟ್ಟಲಿಲ್ಲ. ಇದ್ದಿಲ ತುಂಡನ್ನು ನೀರಿನಲ್ಲಿ ನೆನೆಸಿ ಉಜ್ಜಿದ. ಒಂದು ಅಂಗೈ ಅಗಲ ಉಜ್ಜುವುದು, ತೊಳೆಯುವುದು, ಹೆಬ್ಬೆರಳು ಇಟ್ಟು ನೋಡುವುದು. ಕಪ್ಪು ಹೋಯಿತು. ನಡುಬಣ್ಣ ಹೋಯಿತು. ನಯಮಣ್ಣು ಬಂತು, ಇದು ಇಪ್ಪತ್ತೆಂಟನೆಯ ದಿನದ್ದು. ಒರಟು ಮಣ್ಣು ಬಂತು, ಇದು ಹೊರಗೆ ಬೀದಿಯಲ್ಲಿ ಗ್ಯಾಸ್ ಮೀಟರಿನವನು ಕಿರುಚುತ್ತಿದ್ದ ದಿನದ್ದು, ಅವನ ಮೇಲಿನ ಸಿಟ್ಟಿಗೆ ಒಂದು ಕಡೆ ದಪ್ಪ ಬಿದ್ದಿದೆ. ಕಣ್ಣು ಮುಚ್ಚಿಕೊಂಡೇ ಎಲ್ಲವೂ ಬೆರಳಿಗೆ ತಿಳಿಯುತ್ತಿತ್ತು. ಬಟ್ಟೆಯ ನೂಲು ಸಿಕ್ಕಿದ ಮೇಲೆ ಉಜ್ಜುವುದನ್ನು ನಿಲ್ಲಿಸಿದ.

"ಏನಾಯ್ತು?" ಅಂದ ಹೊರಗಿನಿಂದ ಮಸಾಯಾಸು.

"ಬಾಯಿ ಮುಚ್ಚು ಭಾವ."

ನಾಲ್ಕನೆಯ ದಿನ ಸ್ಕೀಯ ಮೂತಿಯ ಹತ್ತಿರ ಒಂದು ಹುರುಳಿಕಾಳಿನಷ್ಟು ಕಂದು ಕಾಣಿಸಿತು. ಅದರೊಳಗೆ ಗೆರೆ. ತೋಕುಜಿ ಆ ಕಾಳಿನಿಂದ ಶುರುಮಾಡಿ ಹಿಮ್ಮಡಿಯ ಕಡೆಗೆ ಹೊರಟ. ಅಲ್ಲಿಗೆ ಮುಟ್ಟಲು ಇನ್ನೂ ಆರು ದಿನ ಬೇಕಾಯಿತು.

ಟೀಚರಮ್ಮನಿಗೆ ಹೇಳಿಕಳಿಸಿದ. ಅವಳು ಬಚ್ಚಲಿಗೆ ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಹಿಂದಿನ ತುದಿ ತೋರಿಸಿದ. ಅಲ್ಲಿ ಉಗುರಿನಷ್ಟು ಜಾಗದಲ್ಲಿ ಬಿಳೀ ಭೂರ್ಜ ಇಣುಕುತ್ತಿತ್ತು.

"ಇಲ್ಲಿ ಜಾಸ್ತಿ ಉಜ್ಜಿಬಿಟ್ಟೆ," ಅಂದ. "ಇಲ್ಲಿ ನಿಮ್ಮ ಮರ ಇಲ್ಲ. ಹೋಯ್ತು."

ಅವಳು ಅದನ್ನು ನೋಡಲೇ ಇಲ್ಲ. ಮೈ ತೊಳೆಯುವಾಗ ಕೂರುವ ಪುಟ್ಟ ಮಣೆಯ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಮೂಗು ತಗುಲುವಷ್ಟು ಬಗ್ಗಿ, ಗೆರೆಗಳ ಮೇಲೆ ಬೆರಳು ಆಡಿಸುತ್ತಾ ಹೋದಳು. ಒಂದು ಕಡೆ ಗೆರೆಗಳು ಒತ್ತೊತ್ತಾಗಿ ಸೇರಿಕೊಂಡಿದ್ದವು.

"ಈ ವರ್ಷಗಳಲ್ಲಿ ಪಕ್ಕದ ಮನೆಯೋರು ಗೋಡೌನು ಕಟ್ಟಿದ್ದು," ಅಂದಳು. "ಬಿಸಿಲು ಬೀಳ್ತಿರ್ಲಿಲ್ಲ. ಆಮೇಲೆ ಅದು ಸುಟ್ಟೋಯ್ತು, ನೋಡು, ಇಲ್ಲಿಂದ ಮತ್ತೆ ಅಗಲ." ಇನ್ನೂ ಒಂದಷ್ಟು ಹೊತ್ತು ನೋಡಿದಳು. "ಇದೆ," ಅಂದಳು.

ತೋಕುಜಿ ಇದ್ದಿಲು ತೊಳೆದುಕೊಂಡು ಎಡಗಾಲಿನದಕ್ಕೆ ಕೈ ಹಾಕಿದ. ಅವನ ಹೆಬ್ಬೆರಳಿನ ಚರ್ಮ ಸವೆದು ಕೆಂಪಾಗಿತ್ತು. ಟೀಚರಮ್ಮ ತನ್ನ ಅಂಗೈಯನ್ನು ಆ ಕಪ್ಪಿನ ಮೇಲೆ ಇಟ್ಟಳು.

"ಇದನ್ನ ಬಿಡು."

"ಹತ್ತು ದಿನ ಕೊಡಿ, ಇದೂ..."

"ಬಿಡು ಅಂದೆ. ಒಳಗೆ ಇದೆ ಅಂತ ಗೊತ್ತಾಯ್ತಲ್ಲ. ಗೊತ್ತಾದ್ಮೇಲೆ ಮುಚ್ಚಿದ್ರೂ ನಡೆಯುತ್ತೆ. ನೋಡೋಕೆ ನಂಗೆ ಒಂದು ಕಾಲು ಸಾಕು. ಇನ್ನೊಂದು ಕಾಲಲ್ಲಿ ನಿಂತ್ಕೋಬೇಕು."

"ಒಂದು ಹಂಗೆ, ಒಂದು ಹಿಂಗೆ. ಜನ ನಗ್ತಾರೆ."

"ನನ್ನನ್ನ ನೋಡಿ ಅಲ್ಲ. ನಿನ್ನನ್ನ ನೋಡಿ."

ತೆರೆದ ಮರಕ್ಕೆ ತಿಳಿ ಉರುಶಿಯನ್ನು ಮೂರೇ ಸಲ ಒರೆಸಿದ. ನಾಲ್ಕನೆಯ ಸಲ ಅವನ ಕೈ ತಾನಾಗಿ ಕಪಾಟಿನ ಕಡೆ ಹೋಯಿತು. ಸೆಣಬಿನ ಬಟ್ಟೆಯ ಸುರುಳಿ ಅಲ್ಲಿರಲಿಲ್ಲ, ಮಣ್ಣಿನ ಡಬ್ಬವೂ ಇರಲಿಲ್ಲ.

"ಎಲ್ಲೇ ಅದು?"

"ಅಣ್ಣನ ಮನೇಲಿ," ಅಂದಳು ಫುಸಾಯೆ ಅಡಿಗೆಮನೆಯಿಂದ. "ಬೀಗ ಹಾಕಿದ್ದಾನೆ."

ಚಿಂದಿಯಾದ ತಳವನ್ನು ತುಂಬಿ, ಅಂಚು ಮಸೆದು, ಬೂಟಿನ ಹಿಡಿಗಳನ್ನು ಮತ್ತೆ ತಿರುಪಿ ಕೊಟ್ಟ ಮೇಲೆ ಟೀಚರಮ್ಮ ಗುಡ್ಡಕ್ಕೆ ಬಂದಳು. ಸಾಲಿನಲ್ಲಿ ಅವಳು ಯಾವಾಗಲೂ ಕಪ್ಪು ಸ್ಕೀಯನ್ನು ಜನರ ಕಡೆ ಇಟ್ಟು, ಮರದ್ದನ್ನು ಬೇಲಿಯ ಕಡೆ ಇಟ್ಟುಕೊಂಡು ನಿಲ್ಲುತ್ತಿದ್ದಳು. ತಳ್ಳಾಟ, ತುಳಿತ, ಕುಕ್ಕು ಎಲ್ಲವನ್ನೂ ಕಪ್ಪು ತಿನ್ನುತ್ತಿತ್ತು. ಇದೇನು ಬೇರೆ ಬೇರೆ ಜೊತೆ ಅಂತ ಕೇಳಿದವರಿಗೆ ತೋಕುಜಿ "ಮೊದ್ಲಿಂದ್ಲೂ ಹಂಗೇ ಲೆಕ್ಕ ಹಾಕಿ ಮಾಡಿದ್ದು, ಒಂದು ಕಾವಲಿಗೆ, ಒಂದು ನೋಟಕ್ಕೆ" ಅಂತ ಮುಖ ಗಂಟಿಕ್ಕಿ ಹೇಳುತ್ತಿದ್ದ. ಯಾರೂ ನಂಬಲಿಲ್ಲ. ಆದರೂ ಪಕ್ಕದ ಕಣಿವೆಯಿಂದ ಇಬ್ಬರು ಬಂದು ಹಾಗೇ ಒಂದೊಂದು ಜೊತೆ ಬೇಕು ಅಂದರು.

ಒಂದು ವಾರದಲ್ಲಿ ಮರದ ಸ್ಕೀಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತು. ತೋಕುಜಿ ಹತ್ತು ಮಾರು ದೂರದಿಂದಲೇ ಅದನ್ನು ಕಂಡು, ಬಾಯಿ ತೆರೆದ.

"ನಾನೂ ನೋಡಿದ್ದೀನಿ," ಅಂದಳು ಟೀಚರಮ್ಮ. "ಬಾಯಿ ಬಿಡಬೇಡ."

ಕುರ್ಚಿ ಹಿಂದಿನಿಂದ ಬಂದು ಅವಳನ್ನು ಎತ್ತಿಕೊಂಡಿತು. ಎರಡು ಕಾಲೂ ಗಾಳಿಯಲ್ಲಿ ತೂಗಾಡಿದವು. ನೆಲ ಬಿಟ್ಟ ಕೂಡಲೇ ಅವಳ ಕತ್ತು ಬಲಕ್ಕೆ ಬಗ್ಗಿತು. ಮೂರನೆಯ ಕಂಬ ದಾಟುವ ತನಕ ತೋಕುಜಿ ನೋಡುತ್ತಾ ನಿಂತ. ಬಾಯಿ ಬಿಡಬೇಡ ಅಂದರೆ ಎಷ್ಟು ಹೊತ್ತು ಬಿಡದಿರಲಾದೀತು? ತಿರುಗಿ ಗೋನ್‌ಜೊನ ಮೇಲೆ ಬಿದ್ದ. ಕುರ್ಚಿಯನ್ನು ಸರಿಯಾಗಿ ಹಿಡಿಯಲು ಬರುವುದಿಲ್ಲವೇ, ಟೀಚರಮ್ಮನ ಸ್ಕೀಗೆ ತಗುಲಿಸಿದೆಯಲ್ಲ ಅಂತ ಬೈದ.

"ತಗುಲಿದ್ದು ಕಪ್ಪಿಗೆ," ಅಂದ ಗೋನ್‌ಜೊ.

ಅದಕ್ಕೂ ಬೈದ.